ಮರಿಲಿಂಗಮ್ಮ ಬೆಲ್ಲಕ್ಕೆ ಬೀಗ ಹಾಕಿದ್ದು

ಗೋಗಿಯಲ್ಲಿ ಮರಿಲಿಂಗಮ್ಮನ ಸಿಟ್ಟು ಕಾಣದವರಿಲ್ಲ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು, ಆಟೊ ತುಂಬಿಸಿ ಕರೆದೊಯ್ಯುವ ಹೆಂಗಸು ಆಕೆ. ಬಾಯಿ ಜೋರಿಲ್ಲದಿದ್ದರೆ ಆ ಕೆಲಸ ನಡೆಯುವುದಿಲ್ಲ. ಹೊಲದ ಒಡೆಯ ಮಾತು ತಪ್ಪಿದರೆ ಬದುವಿನ ಮೇಲೆ ನಿಂತು ಅವನ ಮೂರು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಸಿಟ್ಟು ಎಲ್ಲರಿಗೂ ಬರುತ್ತದೆ. ಈಕೆಯದು ಬಂದರೆ ಹೋಗುತ್ತಿರಲಿಲ್ಲ, ಅಷ್ಟೇ ಫರಕು. ಅಂಗಳದಲ್ಲಿ ಒಣಹಾಕಿದ ಜೋಳವನ್ನು ಪಕ್ಕದ ಮನೆಯ ಮಲಕಮ್ಮನ ಕೋಳಿ ಕೆದರಿತೆಂದು ಶುರುವಾದ ಜಗಳ, ಆ ಕೋಳಿ ಸಾರಾಗಿ ಎಷ್ಟೋ ವರ್ಷವಾದರೂ ಮುಗಿದಿರಲಿಲ್ಲ. ಎರಡು ಮನೆಗೂ ನಡುವೆ ಒಂದೇ ಗೋಡೆ, ಮಾತು ಮಾತ್ರ ಇಲ್ಲ.

ಇಂಥವಳು ಮಗಳು ಶಿವಾನಿಯ ಮುಂದೆ ಬೆಣ್ಣೆಯಾಗುತ್ತಿದ್ದಳು. ಅದಕ್ಕೆ ಕಾರಣವಿತ್ತು. ಏಳು ವರ್ಷದವಳಿದ್ದಾಗ ಆ ಹುಡುಗಿ ಕೊಡಗಟ್ಟಲೆ ನೀರು ಕುಡಿದು, ರಾತ್ರಿಯೆಲ್ಲ ಹಾಸಿಗೆ ಒದ್ದೆ ಮಾಡಿ, ಎಲುಬಿನ ಗೂಡಾಗಿ, ಕಡೆಗೆ ಏದುಸಿರು ಬಿಡುತ್ತ ಎಚ್ಚರ ತಪ್ಪಿದ್ದಳು. ಯಾದಗಿರಿಯಲ್ಲಿ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ಮರಿಲಿಂಗಮ್ಮ ನಂಬಲಿಲ್ಲ.

"ಕುಂತು ಉಣ್ಣೋರಿಗೆ ಬರೂ ಜಡ್ಡು ಅದು. ನಮ್ಮ ಮನಿಗ್ಯಾಕ ಬರ್ತದ್ರಿ?" ಎಂದು ಕೇಳಿದಳು.

ಡಾಕ್ಟರು ತಿಳಿಸಿ ಹೇಳಿದರು. ಇದು ತಿಂದು ಬಂದದ್ದಲ್ಲ. ಮೈಯನ್ನು ಕಾಯಬೇಕಾದ ಕಾವಲು ಪಡೆಯೇ ತಪ್ಪು ತಿಳಿದು, ಇನ್ಸುಲಿನ್ ಮಾಡುವ ಕಣಗಳನ್ನು ವೈರಿಯೆಂದು ಬಗೆದು ಕೊಂದುಹಾಕಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇನ್ನು ಜೀವ ಇರುವ ತನಕ ದಿನವೂ ಸೂಜಿ ಚುಚ್ಚಬೇಕು, ಬೇರೆ ದಾರಿಯಿಲ್ಲ. ಕೇಳಿದ ಮರಿಲಿಂಗಮ್ಮ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಅತ್ತು ಮುಗಿಸಿ, ಸೂಜಿ ಹಿಡಿಯುವುದನ್ನು ಕಲಿತಳು.

ಕಲಿಸಿದವಳು ಅನ್ವರಬಿ ಎಂಬ ನರ್ಸಮ್ಮ. ಮನೆಯಲ್ಲಿ ಫ್ರಿಜ್ ಇಲ್ಲವೆಂದಾಗ ಆಕೆಯೇ ಉಪಾಯ ಹೇಳಿದಳು: ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಔಷಧದ ಸೀಸೆ ಒಳಗಿನ ಮಡಕೆಯಲ್ಲಿ. ಇನ್ನೊಂದು ಮಾತನ್ನೂ ಹೇಳಿದಳು. ಸೂಜಿ ಹೆಚ್ಚಾಗಿ ಸಕ್ಕರೆ ಒಮ್ಮೆಲೇ ಇಳಿದರೆ ಹುಡುಗಿ ಬೆವರುತ್ತಾಳೆ, ನಡುಗುತ್ತಾಳೆ, ಬಿದ್ದೇಬಿಡುತ್ತಾಳೆ. ಆಗ ಕೂಡಲೇ ಸಿಹಿ ಕೊಡಬೇಕು. ಅಂದಿನಿಂದ ಶಿವಾನಿಯ ಶಾಲೆಯ ಚೀಲದಲ್ಲಿ ಅರಿವೆಯ ತುಂಡಿನಲ್ಲಿ ಕಟ್ಟಿದ ಬೆಲ್ಲದ ಹರಳು ತಪ್ಪಲಿಲ್ಲ. ಹೊಲಕ್ಕೆ ಹೋಗುವ ಮುಂಚೆ ಮರಿಲಿಂಗಮ್ಮ ಮಾಡುತ್ತಿದ್ದ ಕೆಲಸ ಎರಡೇ: ಮರಳಿಗೆ ನೀರು ಚಿಮುಕಿಸುವುದು, ಚೀಲದಲ್ಲಿ ಬೆಲ್ಲ ಇದೆಯೇ ಎಂದು ಮುಟ್ಟಿ ನೋಡುವುದು.

ಶಹಾಪುರ ಸೀಮೆಯ ಬಿಸಿಲು ಎಂಥದೆಂದು ಉಂಡವರಿಗೇ ಗೊತ್ತು. ಆ ಬಿಸಿಲಿನಲ್ಲೂ ಮಡಕೆ ತನ್ನ ಕೆಲಸ ಮಾಡಿತು. ಶಿವಾನಿ ಬೆಳೆದಳು, ಶಹಾಪುರಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದಿದಳು. ಅನ್ವರಬಿಯ ಹಾಗೆ ಬಿಳಿ ಬಟ್ಟೆ ತೊಟ್ಟು ನರ್ಸ್ ಆಗಬೇಕು ಎಂಬುದೊಂದೇ ಅವಳ ಹಟ. "ಸೂಜಿ ಮಾಡೂದು ಯಾರೂ ನನಗ ಕಲಿಸೂದು ಬ್ಯಾಡ," ಎಂದು ನಗುತ್ತಿದ್ದಳು. ಅಪ್ಪ ಅಂಬ್ರಪ್ಪ ಶಹಾಪುರದ ಹತ್ತಿ ಗಿರಣಿಯ ಹಮಾಲ; ಮನೆಯಲ್ಲಿ ಅವನ ದನಿ ಕೇಳಿಸುವುದು ಅಪರೂಪ. ಆದರೆ ಮಗಳು ನರ್ಸ್ ಆಗುವ ಸುದ್ದಿಯನ್ನು ಗಿರಣಿಯಲ್ಲಿ ಒಬ್ಬರನ್ನೂ ಬಿಡದೆ ಹೇಳಿದ್ದನಂತೆ.

ಇಷ್ಟರಲ್ಲಿ ಮಗ ಅರುಣಕುಮಾರ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ ಉಗಾದಿಗೆ ಒಂದು ಫ್ರಿಜ್ ತಂದ. ತಂಗಿಯ ಔಷಧಕ್ಕೆಂದೇ ತಂದದ್ದು. ಅವರ ಓಣಿಯಲ್ಲಿ ಅದೇ ಮೊದಲ ಫ್ರಿಜ್. ಬಾಬಾಸಾಹೇಬರ ಫೋಟೊದ ಕೆಳಗೆ ಅದನ್ನು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಓಣಿಯವರಿಗೆಲ್ಲ ತಣ್ಣನೆಯ ನೀರು ಕೊಟ್ಟರು. ಮಲಕಮ್ಮನಿಗೆ ಕೊಡಲಿಲ್ಲ. ಮಡಕೆಗಳು ಹಿತ್ತಲು ಸೇರಿದವು.

ಔಷಧವನ್ನು ಎಲ್ಲಿಡುವುದು? ಮರಿಲಿಂಗಮ್ಮ ಬಾಗಿಲು ತೆರೆದು ಕೈಯಾಡಿಸಿ ನೋಡಿದಳು. ಕೆಳಗೆ ಬರೀ ತಂಪು, ಮೇಲೆ ಐಸಿನ ಖಾನೆಯಲ್ಲಿ ಕೈ ಮರಗಟ್ಟುವಷ್ಟು ತಂಪು. ಬೇಸಿಗೆಯಲ್ಲಿ ಕರೆಂಟು ಹೋದರೆ ಅರ್ಧ ದಿನ ಬರುವುದಿಲ್ಲ. ಕೆಳಗಿಟ್ಟದ್ದು ಬೆಚ್ಚಗಾಗುತ್ತದೆ, ಐಸಿನ ನಡುವೆ ಇಟ್ಟದ್ದು ತಂಪಾಗಿಯೇ ಇರುತ್ತದೆ. ಬಿಸಿಲೇ ಈ ಔಷಧದ ವೈರಿ ಎಂದು ಹನ್ನೊಂದು ವರ್ಷ ಕೇಳುತ್ತ ಬಂದವಳು. ತಂಪು ಹೆಚ್ಚಾದರೂ ಕೆಡುತ್ತದೆ ಎಂದು ನೀರಿಗೂ ನೆರಳಿಗೂ ಬಾಯಿಬಿಡುವ ಈ ನಾಡಿನಲ್ಲಿ ಯಾರಿಗೆ ತಾನೇ ಹೊಳೆದೀತು? ಸೀಸೆಗಳನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಐಸಿನ ಖಾನೆಯ ತೀರಾ ಒಳಗೆ ಇಟ್ಟಳು. ಬೆಳಿಗ್ಗೆ ಕಲ್ಲಾಗಿರುತ್ತಿದ್ದ ಸೀಸೆಯನ್ನು ಅಂಗೈಯಲ್ಲಿ ಹಿಡಿದು ಕರಗಿಸಿ ಕೊಡುತ್ತಿದ್ದಳು. ಒಳಗೋಡೆಗೆ ಒಡೆದ ಹಾಲಿನಂತೆ ಏನೋ ಅಂಟಿಕೊಂಡಿರುತ್ತಿತ್ತು. ಸತ್ವವೆಲ್ಲ ಅದರಲ್ಲೇ ಇರಬೇಕೆಂದು ಜೋರಾಗಿ ಅಲುಗಾಡಿಸುತ್ತಿದ್ದಳು. ಹೆಪ್ಪುಗಟ್ಟಿದ ಇನ್ಸುಲಿನ್ ಅರ್ಧ ಸತ್ತ ಇನ್ಸುಲಿನ್ ಎಂದು ಆಕೆಗೆ ಹೇಳಿದವರಿಲ್ಲ.

ಬೇಸಿಗೆ ಕಳೆಯುವಷ್ಟರಲ್ಲಿ ಶಿವಾನಿಯ ಸಕ್ಕರೆ ಏರಿತು. ಶಹಾಪುರದಲ್ಲಿ ಅವಳನ್ನು ನೋಡುತ್ತಿದ್ದ ಡಾಕ್ಟರು ವಿಶ್ವರಾಧ್ಯ. ಅವರು ಸೂಜಿಯ ಪ್ರಮಾಣ ಏರಿಸಿದರು. ಸಕ್ಕರೆ ಇಳಿಯಲಿಲ್ಲ. ಮತ್ತೆ ಏರಿಸಿದರು. ಹುಡುಗಿ ಮತ್ತೆ ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಮುಖದ ಎಲುಬು ಎದ್ದು ಕಂಡವು. ಕಡೆಗೊಂದು ದಿನ ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು.

"ಇಷ್ಟು ಔಷಧಿಗೂ ಇಳಿಯಂಗಿಲ್ಲ ಅಂದ್ರ ಇಕಿ ಕದ್ದು ಸಿಹಿ ತಿನ್ನಾಕತ್ತಾಳ. ಹರೇದ ಹುಡುಗ್ಯಾರು ಹಿಂಗ ಮಾಡ್ತಾರಮ್ಮ. ಸ್ವಲ್ಪ ಲಕ್ಷ್ಯ ಇಡ್ರಿ."

"ಇಲ್ರಿ ಸರ್. ನಾ ಏನೂ ತಿಂದಿಲ್ರಿ," ಎಂದಳು ಶಿವಾನಿ.

ಮರಿಲಿಂಗಮ್ಮನ ಕಿವಿಗೆ ಬಿದ್ದದ್ದು ಡಾಕ್ಟರ ಮಾತು ಮಾತ್ರ. ಮನೆಗೆ ಬಂದು ಮಗಳ ಚೀಲ ಸುರುವಿದಳು. ಪುಸ್ತಕಗಳ ನಡುವಿನಿಂದ ಅರಿವೆಯ ಗಂಟು ಬಿತ್ತು. ತಾನೇ ಕಟ್ಟಿಕೊಟ್ಟ ಬೆಲ್ಲದ ಗಂಟು! ಆದರೆ ಸಿಟ್ಟಿಗೆ ನೆನಪು ಎಲ್ಲಿರುತ್ತದೆ? ಹನ್ನೊಂದು ವರ್ಷ ಮಡಕೆಯ ಮರಳಿಗೆ ಸುರಿದ ನೀರೆಲ್ಲ ಹೊಳೆಗೆ ಹೋಯಿತು ಎನಿಸಿತು. ಕಸಬರಿಗೆ ಕೈಗೆ ಬಂತು. ಈ ಮಗಳ ಮೈಮೇಲೆ ಸೂಜಿಯ ಹೊರತು ಬೇರೇನನ್ನೂ ತಾಗಿಸದ ಕೈ ಅದು. ಅಂದು ತೋಳು ದಣಿಯುವ ತನಕ ಹೊಡೆಯಿತು.

"ನಾ ತಿಂದಿಲ್ಲವ್ವಾ, ನಿನ್ನಾಣೆ ತಿಂದಿಲ್ಲ," ಎಂದು ಹುಡುಗಿ ಚೀರಿದಳು.

ಅಂಬ್ರಪ್ಪ ನಡುವೆ ಬಂದು ಕೈ ಹಿಡಿದ. "ಆ ಕೂಸು ಸುಳ್ಳು ಹೇಳೂ ಪೈಕಿ ಅಲ್ಲ, ಬಿಡ," ಎಂದ. ಅವನ ಮಾತನ್ನು ಆ ಮನೆಯಲ್ಲಿ ಕೇಳಿದವರು ಯಾರು! ಮರಿಲಿಂಗಮ್ಮ ಮನೆಯಲ್ಲಿದ್ದ ಸಕ್ಕರೆ ಬೆಲ್ಲವನ್ನೆಲ್ಲ ತಗಡಿನ ಟ್ರಂಕಿನಲ್ಲಿ ತುಂಬಿ ಬೀಗ ಜಡಿದಳು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚೀಲದ ಗಂಟೂ ಟ್ರಂಕಿಗೇ ಹೋಯಿತು. ಆಮೇಲೆ ತಾಯಿ ಮಗಳ ನಡುವೆ ಬೇಕಾದಷ್ಟೇ ಮಾತು.

ನರ್ಸಿಂಗ್ ಸೀಟು ಸಿಗುವ ತನಕ ಎಂದು ಶಿವಾನಿ ಶಹಾಪುರದ ಡಿಗ್ರಿ ಕಾಲೇಜಿಗೆ ಸೇರಿದ್ದಳು. ಶ್ರಾವಣದಲ್ಲಿ ಅಲ್ಲಿಂದ ಬರುವಾಗ ಜಾಲಿಮುಳ್ಳು ಚಪ್ಪಲಿಯನ್ನು ತೂರಿ ಅಂಗಾಲಿಗೆ ನಾಟಿತು. ಅವಳಿಗೆ ತಿಳಿಯಲೇ ಇಲ್ಲ. ಪಾದದ ನರಗಳು ಅಷ್ಟರಲ್ಲಿ ಜೋಮು ಹಿಡಿದಿದ್ದವು. ಮನೆಯ ನೆಲದ ಮೇಲೆ ರಕ್ತದ ಹೆಜ್ಜೆ ಮೂಡಿದ್ದನ್ನು ಕಂಡೇ ಗೊತ್ತಾದದ್ದು. ಮುಳ್ಳು ತೆಗೆದರು, ಗಾಯ ಮಾಯಲಿಲ್ಲ. ಹೆಬ್ಬೆರಳ ಬುಡದಲ್ಲಿ ಕೆಂಪಗೆ ಊದಿ, ಒಡೆದು, ಸೋರತೊಡಗಿತು. ಮಾತ್ರೆ, ಸೂಜಿ, ದಿನಬಿಟ್ಟು ದಿನ ಡ್ರೆಸ್ಸಿಂಗು. ಸುರಪುರದ ತವರಿನಿಂದ ಮರಿಲಿಂಗಮ್ಮನ ಅಣ್ಣ ತಂದ ಸೊಪ್ಪಿನ ಲೇಪವೂ ಆಯಿತು. ಅದಕ್ಕೆ ಡಾಕ್ಟರು ಬೈದದ್ದೂ ಆಯಿತು. ಗಾಯ ಕಿರಿದಾಗಲಿಲ್ಲ.

"ಒಂದು ಮುಳ್ಳಿನ ಗಾಯ ಮಾಯವಲ್ದಲ್ರಿ, ಯಾಕ್ರಿ ಸರ್?" ಎಂದು ಮರಿಲಿಂಗಮ್ಮ ಕೇಳಿದಳು. ಆ ದಿನ ಆಕೆಯ ದನಿಯಲ್ಲಿ ಜೋರಿರಲಿಲ್ಲ.

ವಿಶ್ವರಾಧ್ಯರು ಗಾಯದ ಮೇಲಿನ ಹತ್ತಿ ಎತ್ತುತ್ತಲೇ ಹೇಳಿದರು. "ರಕ್ತದಾಗ ಕಾವಲಿನವರು ಇರ್ತಾರಮ್ಮ. ಹುಟ್ಟಿನಿಂದ ಬಂದವರು, ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಮುಳ್ಳು ಚುಚ್ಚಿತಂದ್ರ ಮೊದಲು ಓಡಿ ಬರವ್ರು ಅವರಽ. ಬಂದು ಹೊಲಸಿನ ಕೂಡ ಬಡಿದಾಡ್ತಾರ. ಆಮ್ಯಾಲ ಜಗಳ ನಿಂದ್ರಬೇಕು, ಗೌಂಡ್ಯಾರು ಬಂದು ಗ್ವಾಡಿ ಕಟ್ಟಬೇಕು. ಅಂದ್ರ ಗಾಯ ಮಾಯ್ತದ."

"ಇಕಿಗೆ ಕಾವಲಿನವರು ಇಲ್ಲೇನ್ರಿ?"

"ಅದಾರ. ಸಕ್ಕರಿ ಏರಿ ಅವರ ತಲಿ ಕೆಟ್ಟದ. ಬರೂದು ತಡಾ, ಬಂದವರು ಹೋಗೂದಿಲ್ಲ. ವೈರಿ ಸತ್ತರೂ ಬಡಿಯೂದು ಬಿಡೂದಿಲ್ಲ, ಇಕಿ ಮಾಂಸಾನ ಬಡಿತಾರ. ಗೌಂಡಿಗೆ ಒಳಗ ಕಾಲಿಡಾಕ ಜಾಗ ಸಿಗವಲ್ದು." ಆಮೇಲೆ ದನಿ ತಗ್ಗಿಸಿ ಸೇರಿಸಿದರು: "ಕಣ್ಣಾಗ, ಮೂತ್ರಪಿಂಡದಾಗ ಸಣ್ಣ ಸಣ್ಣ ರಕ್ತನಾಳ ಅದಾವ, ಅಲ್ಲೂ ಇದಽ ಜಗಳ ಸದ್ದಿಲ್ಲದ ನಡೆದಿರ್ತದ. ಮೊದಲು ಸಕ್ಕರಿ ಇಳೀಬೇಕು. ಇಲ್ಲಂದ್ರ ಈ ಕಾಲು ಉಳಿಯೂದು ಕಠಿಣ ಅದ."

ಕಾಲು! ನರ್ಸ್ ಕೆಲಸ ಎಂದರೆ ದಿನವಿಡೀ ನಿಂತು ಮಾಡುವ ಕೆಲಸ. ಆದರೂ ಮರಿಲಿಂಗಮ್ಮ ಮನೆಗೆ ಬಂದು ಮಾಡಿದ್ದೇನು? ಟ್ರಂಕಿನ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದಳು. ಹುಡುಗಿ ಗೋಡೆಗೆ ಒರಗಿ ಕುಳಿತು ಅದನ್ನು ನೋಡಿದಳು.

ದೀಪಾವಳಿ ಕಳೆದು ಹತ್ತಿ ಬಿಡಿಸುವ ಗಡಿಬಿಡಿಯಲ್ಲಿ ಓಣಿಯ ಟಿಸಿ ಸುಟ್ಟಿತು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹೊಸದು ಬರುವ ತನಕ ಕತ್ತಲೆಯೇ ಗತಿ. ಐಸೆಲ್ಲ ಕರಗಿ ನೆಲದ ಮೇಲೆ ಹರಿಯಿತು. ಅದೇ ಹೊತ್ತಿಗೆ ಹಳೆಯ ಸೀಸೆ ಮುಗಿದು ದವಾಖಾನೆಯಿಂದ ಹೊಸದು ಬಂದಿತ್ತು. ಮರಿಲಿಂಗಮ್ಮ ಹಿತ್ತಲಿಗೆ ಹೋಗಿ ಮಡಕೆಗಳನ್ನು ತಂದು, ಮರಳು ತುಂಬಿ, ನೀರು ಚಿಮುಕಿಸಿ, ಹೊಸ ಸೀಸೆಯನ್ನು ಒಳಗಿಟ್ಟಳು. ಮರುದಿನ ಬೆಳಿಗ್ಗೆ ಶಿವಾನಿ ಅದರಿಂದ ಸೂಜಿ ತುಂಬಿಕೊಂಡಳು. ಡಾಕ್ಟರು ಏರಿಸಿ ಏರಿಸಿ ಬರೆದ ಪ್ರಮಾಣ ಅದು, ಅರ್ಧ ಸತ್ತ ಔಷಧಕ್ಕೆ ಲೆಕ್ಕ ಹಾಕಿದ್ದು. ಈ ಸೀಸೆಯಲ್ಲಿದ್ದದ್ದು ಪೂರ್ತಿ ಜೀವಂತ ಔಷಧ.

ಮರಿಲಿಂಗಮ್ಮ ಹೊಲದಲ್ಲಿ ಉಡಿ ತುಂಬ ಹತ್ತಿ ಕಟ್ಟಿಕೊಂಡಿದ್ದಾಗ ಬದುವಿನ ಮೇಲೆ ಯಾರೋ ಓಡಿ ಬರುವುದು ಕಂಡಿತು. ಮಲಕಮ್ಮ! ಸೆರಗು ಜಾರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಮರಿಲಿಂಗಿ, ನಿನ್ನ ಮಗಳು ಬಿದ್ದಾಳ! ಸಪ್ಪಳ ಕೇಳಿ ಹೋಗಿ ನೋಡಿದ್ರ ಟ್ರಂಕಿನ ಮುಂದ ಬಿದ್ದಾಳ. ಮೈಯೆಲ್ಲ ನೀರಾಗ್ಯದ. ಸಕ್ಕರಿ ಜಡ್ಡಿನ ಕೂಸಿಗೆ ಏನು ಕೊಡಬೇಕು, ಏನು ಬಿಡಬೇಕು ನನಗ ತಿಳೀಲಿಲ್ಲ. ನಡಿ ಜಲ್ದಿ!"

ಟ್ರಂಕಿನ ಮುಂದೆ ಎಂದ ಕೂಡಲೇ ಮರಿಲಿಂಗಮ್ಮನಿಗೆ ಎಲ್ಲ ಗೊತ್ತಾಯಿತು. ಉಡಿಯ ಹತ್ತಿ ದಾರಿಯುದ್ದಕ್ಕೂ ಚೆಲ್ಲುತ್ತ ಓಡಿದಳು. ಬೆವರಿ ನಡುಗುತ್ತ ಬೆಲ್ಲಕ್ಕಾಗಿ ತೆವಳಿಕೊಂಡು ಹೋದ ಹುಡುಗಿ, ಬೀಗ ಎಳೆದೂ ಎಳೆದೂ ಅದರ ಮೇಲೆಯೇ ಒರಗಿಬಿಟ್ಟಿದ್ದಳು. ಕೊಂಡಿಗೆ ಸಿಕ್ಕಿ ಬೆರಳು ತರಚಿ ರಕ್ತ ಬಂದಿತ್ತು. ಮರಿಲಿಂಗಮ್ಮ ಹಾಕಿದ ಕೀಲಿಕೈ ಬೀಗಕ್ಕೆ ಕೂರಲಿಲ್ಲ. ಮಲಕಮ್ಮ ಕಿತ್ತುಕೊಂಡು ಬೀಗ ತೆಗೆದಳು. ಬೆಲ್ಲ ಒಡೆದು, ತೊಡೆಯ ಮೇಲೆ ಮಗಳ ತಲೆ ಇಟ್ಟುಕೊಂಡು ತುಟಿಗೆ ಹಿಡಿದಳು ತಾಯಿ.

ಶಿವಾನಿ ಹಲ್ಲು ಕಚ್ಚಿಕೊಂಡಳು. ಕಣ್ಣು ಅರೆ ತೆರೆದಿದ್ದವು, ಯಾರನ್ನೂ ಗುರುತಿಸುತ್ತಿರಲಿಲ್ಲ. ತುಟಿಗೆ ಬೆಲ್ಲ ತಾಗಿದ್ದೇ ತಡ, ಮುಖವನ್ನು ಆಚೆ ತಿರುಗಿಸಿ ಕೈ ಅಡ್ಡ ಹಿಡಿದಳು.

"ತಿಂದಿಲ್ಲ... ನಾ ತಿಂದಿಲ್ಲವ್ವ... ಹೊಡೀಬ್ಯಾಡ."

"ತಿನ್ನವ್ವ! ತಿನ್ನ ನನ್ನವ್ವ! ನಾನಽ ಕೊಡಾಕತ್ತೀನಿ ತಿನ್ನ!" ಮರಿಲಿಂಗಮ್ಮ ಕೂಗಿದ್ದು ಓಣಿಯ ಆ ತುದಿಗೆ ಕೇಳಿಸಿತಂತೆ. ಹುಡುಗಿ ಬಾಯಿ ತೆರೆಯಲಿಲ್ಲ. ಕಡೆಗೆ ಮಲಕಮ್ಮ ಗದ್ದ ಅದುಮಿ ಹಿಡಿದಳು, ಮರಿಲಿಂಗಮ್ಮ ಬೆಲ್ಲವನ್ನು ನೀರಲ್ಲಿ ಅರೆದು ಕೆನ್ನೆಯ ಒಳಗೆ ಸವರಿದಳು. ಸವರುತ್ತಲೇ ಇದ್ದಳು. ಎಷ್ಟು ಹೊತ್ತಿನ ಮೇಲೋ ಗಂಟಲು ಒಮ್ಮೆ ಆಡಿತು. ಕಣ್ಣು ತಿಳಿಯಾದವು. ತಾಯಿಯ ಕೈಗೆ ಮೆತ್ತಿದ ಬೆಲ್ಲವನ್ನು ಕಂಡು ಹುಡುಗಿ ಹೆದರಿದಳು. ಆ ಹೆದರಿಕೆಯನ್ನು ಮರಿಲಿಂಗಮ್ಮ ಸಾಯುವ ತನಕ ಮರೆಯುವುದಿಲ್ಲ.

ಶಹಾಪುರಕ್ಕೆ ಒಯ್ದಾಗ ಡಾಕ್ಟರು ಎಲ್ಲವನ್ನೂ ಕೆದಕಿ ಕೇಳಿದರು. ಸೀಸೆ ಹಿಂದೆ ಎಲ್ಲಿರುತ್ತಿತ್ತು, ಈಗ ಎಲ್ಲಿದೆ, ಸಕ್ಕರೆ ಏರಿದ್ದು ಯಾವಾಗಿನಿಂದ. ಐಸಿನ ಖಾನೆ ಎಂದ ಕೂಡಲೇ ಅವರ ಪೆನ್ನು ನಿಂತಿತು. ಹೆಪ್ಪುಗಟ್ಟಿದರೆ ಔಷಧ ಕೆಡುತ್ತದೆ ಎಂದು ಹೇಳಿದರು.

"ನಾನೂ ಕೇಳಬೇಕಿತ್ತಮ್ಮ, ಕೇಳಲಿಲ್ಲ," ಎಂದರು. ಶಿವಾನಿಯ ಕಡೆ ತಿರುಗಿ ತಪ್ಪಾಯಿತು ಎಂದರು. ಅವರಿಗೆ ಆ ಮಾತು ಬಂತು. ಮರಿಲಿಂಗಮ್ಮನಿಗೆ ಬರಲಿಲ್ಲ.

ಆಕೆಗೆ ಈಗ ಇದ್ದದ್ದು ಒಂದೇ ಆಸೆ. ಕೆಟ್ಟದ್ದು ಏನೆಂದು ತಿಳಿಯಿತಲ್ಲ, ಸರಿ ಮಾಡಿದರಾಯಿತು. ಮಡಕೆ ಮತ್ತೆ ತನ್ನ ಜಾಗಕ್ಕೆ ಬಂತು. ಸೂಜಿಯ ಪ್ರಮಾಣ ಇಳಿಯಿತು. ಸಕ್ಕರೆ ನಿಧಾನಕ್ಕೆ ಹತೋಟಿಗೆ ಬಂತು, ಹುಡುಗಿಯ ಕೆನ್ನೆ ತುಂಬಿದವು. ಮರಿಲಿಂಗಮ್ಮ ಆಳುಗಳ ಗುಂಪನ್ನು ಬೇರೆಯವಳಿಗೆ ಬಿಟ್ಟುಕೊಟ್ಟು ಮಗಳ ಪಾದದ ಮುಂದೆ ಕುಳಿತಳು. ಪಟ್ಟಿ ಬಿಚ್ಚಿದಾಗೆಲ್ಲ ಬಾಗಿ ನೋಡುತ್ತಿದ್ದಳು. ಅಂಚು ಸ್ವಲ್ಪ ಕೂಡಿದೆಯೇ? ಕೆಂಪು ಇಳಿದಿದೆಯೇ? ಇಳಿದಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮೂಗು ಬೇರೆಯದನ್ನೇ ಹೇಳುತ್ತಿತ್ತು.

"ಸಕ್ಕರಿ ಇಳಿದದಲ್ರಿ ಸರ್," ಎಂದು ಡಾಕ್ಟರ ಮೇಜಿನ ಅಂಚು ಹಿಡಿದು ಕೇಳಿದಳು. "ಇನ್ನ ಆ ಕಾವಲಿನವರು ಸುಮ್ನಾಗಬೇಕಲ್ರಿ?"

"ಸಕ್ಕರಿ ಇಳಿದದ್ದು ಅವರಿಗೆ ಜಲ್ದಿ ತಿಳಿಯೂದಿಲ್ಲಮ್ಮ. ಅವರು ಹುಟ್ಟೂ ಜಾಗ ಎಲುಬಿನ ಒಳಗದ. ಅಲ್ಲೇ ಆ ಸಿಟ್ಟು ಕಲ್ತಾರ. ಹಳಬರು ಸತ್ತು ಹೊಸಬರು ಹುಟ್ಟಿದ್ರೂ ಅದಽ ಸಿಟ್ಟು ಹೊತ್ಕೊಂಡ ಬರ್ತಾರ. ಮರೀತಾರ, ಆದ್ರ ಎಂದು ಅಂತ ಹೇಳಾಕ ಬರೂದಿಲ್ಲ. ಅಲ್ಲೀತನಕ ಈ ಗಾಯ ಕಾಯಂಗಿಲ್ಲ. ಕೀವು ಎಲುಬಿಗೆ ಇಳಿದದ."

ಮರಿಲಿಂಗಮ್ಮನಿಗೆ ಮಲಕಮ್ಮನ ಕೋಳಿ ನೆನಪಾಯಿತು. ಕೋಳಿ ಇಲ್ಲ, ಜೋಳ ಇಲ್ಲ, ಸಿಟ್ಟು ಮಾತ್ರ ಇತ್ತು. ಅದೇ ಸಿಟ್ಟು ಮಗಳ ರಕ್ತದಲ್ಲಿ ಕುಳಿತಿದೆ. ಅದನ್ನು ಕೂರಿಸಿದವಳು ತಾನು. ಕಾಯಬೇಕಾದವಳೇ ಬಡಿದವಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ತಾನೇ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದಳು. ಡಾಕ್ಟರ ಕೋಣೆಯಿಂದ ಹೊರಬಂದು ಬಸ್ ಸ್ಟ್ಯಾಂಡಿನ ತನಕ ಎದೆ ಬಡಿದುಕೊಳ್ಳುತ್ತ ನಡೆದಳು. ನೋಡಿದವರು ಮನೆಯಲ್ಲಿ ಯಾರೋ ತೀರಿರಬೇಕೆಂದುಕೊಂಡರು.

ಹೆಬ್ಬೆರಳು ಕಪ್ಪಾಯಿತು. ಯಾದಗಿರಿಯಲ್ಲಿ ಪಾದದ ಮುಂಭಾಗವನ್ನು ತೆಗೆದರು. ಅರುಣಕುಮಾರ ಕಡೇಚೂರಿನಿಂದ ಬಂದು ಆಪರೇಷನ್ ಕೋಣೆಯ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತ. "ನಾ ಫ್ರಿಜ್ ತರಬಾರದಿತ್ತವ್ವ," ಎಂದ. ಮರಿಲಿಂಗಮ್ಮ ಅವನ ಬೆನ್ನು ಸವರಿದಳು. ತನ್ನ ಬೆನ್ನು ಸವರಲು ಬಂದ ಅಂಬ್ರಪ್ಪನ ಕೈಯನ್ನು ಸರಿಸಿದಳು.

ಮನೆಗೆ ಬಂದ ಶಿವಾನಿ ಕೋಲು ಹಿಡಿದು ನಡೆಯಲು ಕಲಿತಳು. ನರ್ಸಿಂಗ್ ಮಾತನ್ನು ಅವಳೂ ಎತ್ತಲಿಲ್ಲ, ಬೇರೆ ಯಾರೂ ಎತ್ತಲಿಲ್ಲ. ಮಲಕಮ್ಮ ದಿನಾ ಬಂದು ಕೂರುತ್ತಿದ್ದಳು. ಆ ಜಗಳ ಎಲ್ಲಿ ಹೋಯಿತೋ ಇಬ್ಬರಿಗೂ ತಿಳಿಯದು. ಡಿಗ್ರಿ ಕಾಲೇಜಿಗೆ ಮತ್ತೆ ಹೋಗುತ್ತೇನೆಂದು ಹುಡುಗಿ ಹೇಳಿದ ದಿನ ಮರಿಲಿಂಗಮ್ಮ, ಮಗಳು ಬಿದ್ದ ದಿನದಿಂದ ಬೀಗ ಹಾಕದೆ ಬಿಟ್ಟಿದ್ದ ಟ್ರಂಕು ತೆರೆದಳು. ಬೀಗವನ್ನೂ ಕೀಲಿಕೈಯನ್ನೂ ಹಿತ್ತಲ ಬಾವಿಗೆ ಎಸೆದು ಬಂದಳು. ಬೆಲ್ಲದ ಹರಳುಗಳನ್ನು ಆರಿಸಿ, ಹೊಸ ಅರಿವೆಯಲ್ಲಿ ಗಂಟು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಮಗಳ ಮುಂದೆ ಚಾಚಿದಳು. ತಪ್ಪಾಯಿತು ಎಂಬ ಮಾತು ಅಂದೂ ಬಾಯಿಗೆ ಬರಲಿಲ್ಲ. ಗಂಟಿನಲ್ಲೇ ಅದೆಲ್ಲ ಇದೆ ಎಂದುಕೊಂಡಳು.

ಶಿವಾನಿ ಗಂಟನ್ನು ತೆಗೆದುಕೊಂಡಳು. ಬಿಚ್ಚಿ ನೋಡಿ, ತಾಯಿಯ ಕೈಗೇ ಮರಳಿ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಎಣಿಸಿ ಕೊಡವ್ವ," ಎಂದಳು. "ನಾಳೆ ಕಡಿಮಿ ಆಗ್ಯಾವ ಅಂತಿ."